ಒಂಬತ್ತನೇ ಮಹಡಿಗೆ ಬಂದ ನೋಟರಿ

ನೆವೆನಾ ಆಶ್ರಯಧಾಮಕ್ಕೆ ಹೋದದ್ದು ಕಂಬಳಿ ಕೊಡಲಿಕ್ಕೆ, ಬೆಕ್ಕು ತರಲಿಕ್ಕಲ್ಲ. ಅವಳು ಕೆಲಸ ಮಾಡುತ್ತಿದ್ದ, ಡ್ಯಾನ್ಯೂಬ್ ನದಿಯ ದಡದ ರೂಸೆ ಬಂದರಿನಲ್ಲಿ ಕೆಲಸಗಾರರ ವಿಶ್ರಾಂತಿ ಕೋಣೆಗೆ ಹೊಸ ಹೊದಿಕೆಗಳು ಬಂದಿದ್ದವು. ಹಳೆಯ ಕಂಬಳಿಗಳನ್ನು ಕಸಕ್ಕೆ ಹಾಕುತ್ತೇವೆ ಎಂದು ಉಗ್ರಾಣದವರು ಅಂದಾಗ ಅವಳಿಗೆ ಮನಸ್ಸಾಗಲಿಲ್ಲ. ಹದಿನಾಲ್ಕು ಕಂಬಳಿಗಳನ್ನು ಎರಡು ಮೂಟೆ ಕಟ್ಟಿ, ಊರಾಚೆ ನಾಯಿ ಬೆಕ್ಕುಗಳನ್ನು ಸಾಕುವ ಜಾಗವೊಂದಿದೆ ಎಂದು ಯಾರೋ ಹೇಳಿದ್ದನ್ನು ನೆನಪಿಸಿಕೊಂಡು, ಭಾನುವಾರ ಬೆಳಿಗ್ಗೆ ಬಸ್ಸು ಹತ್ತಿದಳು.

ಅಲ್ಲಿನ ಮೇಲ್ವಿಚಾರಕ ಅಸ್ಪಾರುಹ್ ಎಂಬ ಐವತ್ತರ ಆಸುಪಾಸಿನ ದಪ್ಪ ಮನುಷ್ಯ. ಬೆಕ್ಕಿನ ಕೂದಲು ಅಂಟಿದ ಸ್ವೆಟರ್ ತೊಟ್ಟಿದ್ದ ಅವನು ಕಂಬಳಿಗಳನ್ನು ಮೂಸಿ ನೋಡಿ ಸಂತೋಷಪಟ್ಟ. ದಾನ ಕೊಟ್ಟವರ ಹೆಸರು ಬರೆಯಲೇಬೇಕು ಎಂದು ಮೇಜಿನ ಬಳಿಗೆ ಕರೆದುಕೊಂಡು ಹೋದ. ಹೆಸರು ಬರೆಯುವ ಪುಸ್ತಕದ ಮೇಲೆ ಬೂದು ಬಣ್ಣದ ದೊಡ್ಡ ಗಂಡು ಬೆಕ್ಕೊಂದು ಮಲಗಿತ್ತು. ಎಡಗಿವಿಯ ತುದಿ ಹರಿದಿತ್ತು, ಗಲ್ಲದ ಕೂದಲು ಬೆಳ್ಳಗಾಗಿತ್ತು. ಅಸ್ಪಾರುಹ್ ಪುಸ್ತಕವನ್ನು ಮೆಲ್ಲಗೆ ಎಳೆದ. ಬೆಕ್ಕು ಏಳಲಿಲ್ಲ. ಇನ್ನಷ್ಟು ಎಳೆದ. ಅದು ಪುಸ್ತಕದ ಜೊತೆಗೇ ಜಾರಿ ಬಂದು, ನೆವೆನಾಳ ಮುಖವನ್ನು ಒಮ್ಮೆ ನೋಡಿ, ಆಮೇಲೆ ಉಪಕಾರ ಮಾಡುವವನ ಹಾಗೆ ಅರ್ಧ ಪುಟದಷ್ಟು ಜಾಗ ಬಿಟ್ಟುಕೊಟ್ಟಿತು. ಆ ಅರ್ಧ ಪುಟದಲ್ಲೇ ನೆವೆನಾ ಸಹಿ ಹಾಕಿದಳು.

ಬೆಕ್ಕಿನ ಹೆಸರು ನೋಟರಿ. ವಯಸ್ಸು ಹದಿಮೂರು. ಅದರ ಯಜಮಾನ ನಿಜವಾಗಿಯೂ ಊರಿನಲ್ಲಿ ನೋಟರಿಯಾಗಿದ್ದವನಂತೆ. ಅವನು ತೀರಿಕೊಂಡ ಮೇಲೆ ತಂಗಿಯ ಮಗ ಬುಟ್ಟಿಯಲ್ಲಿ ತಂದು ಬಿಟ್ಟುಹೋಗಿದ್ದ. ಹದಿನಾಲ್ಕು ತಿಂಗಳಾಗಿತ್ತು. ಬಂದವರೆಲ್ಲ ಮರಿಗಳನ್ನೇ ಎತ್ತಿಕೊಂಡು ಹೋಗುತ್ತಾರೆ, ಇವನ ಕಡೆಗೆ ನೋಡಿ ಅಯ್ಯೋ ಪಾಪ ಅನ್ನುತ್ತಾರೆ, ಅಷ್ಟೇ ಎಂದು ಅಸ್ಪಾರುಹ್ ಹೇಳಿದ.

ಬಸ್ಸಿನಲ್ಲಿ ಹಿಂತಿರುಗುವಾಗ ನೆವೆನಾಳಿಗೆ ಆ ಅರ್ಧ ಪುಟವೇ ಕಣ್ಣಮುಂದೆ ಬರುತ್ತಿತ್ತು. ಮಂಗಳವಾರ ಫೋನು ಮಾಡಿ, ಆ ಬೆಕ್ಕನ್ನು ನಾನು ಇಟ್ಟುಕೊಳ್ಳಬಹುದೇ ಎಂದು ಕೇಳಿದಳು.

ಅವಳಿಗೆ ಆಗ ಐವತ್ತನಾಲ್ಕು. ಇಪ್ಪತ್ತಾರು ವರ್ಷಗಳಿಂದ ಬಂದರಿನ ಕ್ರೇನ್ ನಡೆಸುತ್ತಿದ್ದಳು. ನೆಲದಿಂದ ಮೂವತ್ತು ಮೀಟರ್ ಮೇಲೆ, ಒಂದೂವರೆ ಹೆಜ್ಜೆ ಅಗಲದ ಕ್ಯಾಬಿನ್ನಿನಲ್ಲಿ ಕುಳಿತು ಡ್ಯಾನ್ಯೂಬಿನ ದೋಣಿಗಳಿಂದ ಗೋಧಿ, ಗುಜರಿ ಕಬ್ಬಿಣ, ಗೊಬ್ಬರ ಎತ್ತುವುದು ಅವಳ ಕೆಲಸ. ಗಂಡ ಮ್ಲಾದೆನ್‌ನಿಂದ ಜಗಳವಿಲ್ಲದೆ ಬೇರೆಯಾಗಿ ಏಳು ವರ್ಷವಾಗಿತ್ತು. ದೊಡ್ಡ ಮನೆ ಮಾರಿ, ತನ್ನ ಪಾಲಿಗೆ ಒಂಬತ್ತನೇ ಮಹಡಿಯ ಒಂಟಿಕೋಣೆಯ ಮನೆಯೊಂದನ್ನು ಕೊಂಡಿದ್ದಳು. ಕಿಟಕಿಯಿಂದ ನದಿ ಕಾಣುತ್ತದೆ ಎಂಬ ಒಂದೇ ಕಾರಣಕ್ಕೆ.

ಆ ಕೋಣೆಯಲ್ಲಿ ಎಲ್ಲವೂ ಮಡಚುವಂಥದ್ದು. ಮಂಚ ಗೋಡೆಗೆ ಮಡಚಿಕೊಳ್ಳುತ್ತಿತ್ತು. ಮಂಚ ಮಡಚಿದರೆ ಎದುರು ಗೋಡೆಯ ಮೇಜನ್ನು ಬಿಡಿಸಬಹುದು. ಮೇಜು ಮಡಚಿದರಷ್ಟೇ ಮಂಚವನ್ನು ಇಳಿಸಬಹುದು. ಎರಡು ಕುರ್ಚಿಗಳು ಬಾಗಿಲ ಹಿಂದೆ ಮೊಳೆಗೆ ನೇತಾಡುತ್ತಿದ್ದವು. ನೆವೆನಾಳಿಗೆ ಈ ಶಿಸ್ತು ಹಿತವಾಗಿತ್ತು. ಕಣ್ಣು ಮುಚ್ಚಿ ಕೈ ಚಾಚಿದರೂ ಉಪ್ಪಿನ ಡಬ್ಬಿ ಸಿಗುತ್ತಿತ್ತು.

ಮನೆ ನೋಡದೆ ಬೆಕ್ಕು ಕೊಡುವುದಿಲ್ಲ ಎಂಬುದು ಅಸ್ಪಾರುಹ್‌ನ ನಿಯಮ. ಅವನು ಬಂದ ದಿನವೇ ಲಿಫ್ಟು ಕೆಟ್ಟಿತ್ತು. ಒಂಬತ್ತು ಮಹಡಿ ಹತ್ತಿ, ಏದುಸಿರು ಬಿಡುತ್ತ ಬಾಗಿಲಲ್ಲಿ ನಿಂತವನು ಕೋಣೆಯನ್ನು ಒಂದೇ ನೋಟದಲ್ಲಿ ನೋಡಿ ಮುಗಿಸಿದ. ನೋಡಲಿಕ್ಕೆ ಇನ್ನೇನೂ ಇರಲಿಲ್ಲ.

"ಅಕ್ಕಾ, ಬೇಜಾರು ಮಾಡ್ಕೋಬೇಡಿ. ಇದು ಮನೆಯಲ್ಲ, ಬೀರು."

"ಬೀರುವಿಗೆ ಇಷ್ಟು ದೊಡ್ಡ ಕಿಟಕಿ ಇರುತ್ತಾ?"

ಅವನು ಕಿಟಕಿಯ ಹತ್ತಿರ ಹೋಗಿ, ಕೆಳಗೆ ಇಣುಕಿ, ಒಂದು ಹೆಜ್ಜೆ ಹಿಂದೆ ಸರಿದ. ಎತ್ತರ ಅವನಿಗೆ ಆಗುತ್ತಿರಲಿಲ್ಲ. ನೆವೆನಾ ಅವನನ್ನು ಕುರ್ಚಿಯಲ್ಲಿ ಕೂರಿಸಿ, ಚೀಸು ತುಂಬಿ ಬೇಯಿಸಿದ ಬಾನಿತ್ಸಾದ ಒಂದು ದೊಡ್ಡ ತುಂಡನ್ನೂ ಮೊಸರನ್ನೂ ಮುಂದಿಟ್ಟಳು. ತಾನು ಹಗಲೆಲ್ಲ ಇದರ ಹತ್ತರಲ್ಲಿ ಒಂದು ಪಾಲು ಜಾಗದಲ್ಲಿ ಕಳೆಯುವವಳು, ಅಲ್ಲಿ ತನಗೆ ಒಂದು ದಿನವೂ ಉಸಿರು ಕಟ್ಟಿಲ್ಲ ಎಂದಳು. ಅವನು ತಿನ್ನುತ್ತ ಕೇಳಿಸಿಕೊಂಡ. ಆಮೇಲೆ, ಮುಚ್ಚುಮರೆಯಿಲ್ಲದೆ ಹೇಳಬೇಕಾದ್ದನ್ನು ಹೇಳಿದ. ನೋಟರಿ ಇದ್ದದ್ದು ಅಂಗಳ, ಹಣ್ಣಿನ ಮರ ಇರುವ ಮನೆಯಲ್ಲಿ ಎಂದು ಆ ತಂಗಿಯ ಮಗ ಹೇಳಿದ್ದ. ಈಗ ಮಂಡಿಗಳಲ್ಲಿ ನೋವಿದೆ, ಮೂತ್ರಪಿಂಡ ಸೋತಿದೆ, ದಿನಾ ಬೆಳಿಗ್ಗೆ ಔಷಧಿ ಹಾಕಬೇಕು. ವೈದ್ಯರು ಎರಡು ವರ್ಷ ಅಂದಿದ್ದಾರೆ, ದೇವರು ದೊಡ್ಡವನಾದರೆ ಮೂರು.

"ಎರಡು ವರ್ಷ ಅಂದ್ರೆ ಎರಡು ವರ್ಷ. ಅಷ್ಟು ದಿನ ಅವನು ಯಾರದೋ ಮನೇಲಿ ಇದ್ದ ಹಾಗಾಗುತ್ತಲ್ಲ," ಎಂದಳು ನೆವೆನಾ.

ಅಸ್ಪಾರುಹ್ ಮೊಸರಿನ ಬಟ್ಟಲನ್ನು ಬ್ರೆಡ್ಡಿನಿಂದ ಒರೆಸಿ ತಿಂದ. "ಒಂದು ತಿಂಗಳು ನೋಡೋಣ. ಆಗ್ಲಿಲ್ಲ ಅಂದ್ರೆ ಮುಜುಗರ ಪಡಬೇಡಿ, ಫೋನ್ ಮಾಡಿ. ನಾನೇ ಬಂದು ಕರ್ಕೊಂಡು ಹೋಗ್ತೀನಿ. ಆದ್ರೆ ಲಿಫ್ಟ್ ಸರಿಯಾದ ಮೇಲೆ."

ಸೆಪ್ಟೆಂಬರಿನ ಮೊದಲ ಶನಿವಾರ ನೋಟರಿ ಬಂದ. ಬುಟ್ಟಿಯ ಬಾಗಿಲು ತೆರೆದ ಕೂಡಲೇ ನೆಲಕ್ಕೆ ಹೊಟ್ಟೆ ಒತ್ತಿಕೊಂಡು ನಡೆದು, ಪಾತ್ರೆ ತೊಳೆಯುವ ತೊಟ್ಟಿಯ ಕೆಳಗಿನ ಕಪಾಟಿನೊಳಗೆ ಹೋಗಿ, ಸೋಪಿನ ಪುಡಿಯ ಡಬ್ಬಿಯ ಹಿಂದೆ ಕುಳಿತ. ಐದು ದಿನ ಅಲ್ಲೇ. ನೆವೆನಾ ಪಾತ್ರೆ ತೊಳೆಯುವಾಗ ಕಾಲ ಬಳಿ ಎರಡು ಹಳದಿ ಕಣ್ಣು ಕಾಣುತ್ತಿದ್ದವು. ಅವಳು ಕೆಲಸಕ್ಕೆ ಹೋದಾಗ ಎದ್ದು ಮರಳಿನ ತಟ್ಟೆಯಲ್ಲಿ ಅಚ್ಚುಕಟ್ಟಾಗಿ ತನ್ನ ಕೆಲಸ ಮುಗಿಸಿ, ಎರಡು ತುತ್ತು ತಿಂದು, ಮತ್ತೆ ಕಪಾಟು ಸೇರುತ್ತಿದ್ದ. ಮರಳಿನ ತಟ್ಟೆಗೆ ಜಾಗವಿದ್ದದ್ದು ಸ್ನಾನದ ಮೂಲೆಯಲ್ಲಿ ಮಾತ್ರ. ಸ್ನಾನಕ್ಕೆ ಮೊದಲು ಅದನ್ನು ಹೊರಗಿಡಬೇಕು. ಹೊರಗಿಟ್ಟರೆ ಬಾಗಿಲು ಮುಚ್ಚುವುದಿಲ್ಲ. ನೆವೆನಾ ಬಾಗಿಲು ತೆರೆದೇ ಮೀಯುವುದನ್ನು ರೂಢಿ ಮಾಡಿಕೊಂಡಳು. ನೋಡುವವರು ಯಾರಿದ್ದರು?

ಆರನೆಯ ದಿನ ಅವನು ಹೊರಗೆ ಬಂದು ಮಂಚ ಹತ್ತಿದ. ಅವಳಿಗೆ ಎಷ್ಟು ಖುಷಿಯಾಯಿತೆಂದರೆ ಬೆಳಿಗ್ಗೆ ಮಂಚ ಮಡಚಲೇ ಇಲ್ಲ. ಮಂಚ ಮಡಚದಿದ್ದರೆ ಮೇಜಿಲ್ಲ. ಅಂದು ಕಿಟಕಿಯ ಬಳಿ ನಿಂತುಕೊಂಡೇ ಸೂಪು ಕುಡಿದಳು. ಮರುದಿನವೂ ಹಾಗೆಯೇ. ಎರಡು ವಾರ ಕಳೆಯುವಷ್ಟರಲ್ಲಿ ಆ ಮನೆಯಲ್ಲಿ ಊಟವೆಂದರೆ ನಿಂತು ಮಾಡುವ ಕೆಲಸವಾಗಿತ್ತು. ಕಳಚಿದ ಚಪ್ಪಲಿ, ಬಿಚ್ಚಿದ ಕೋಟು, ಮರಳಿನ ಚೀಲ, ಔಷಧಿಯ ಡಬ್ಬಿ, ಯಾವುದಕ್ಕೂ ಜಾಗವಿರಲಿಲ್ಲ. ಕಣ್ಣು ಮುಚ್ಚಿ ಕೈ ಚಾಚಿದರೆ ಉಪ್ಪಿನ ಬದಲು ಬೆಕ್ಕಿನ ಬಾಚಣಿಗೆ ಸಿಗುತ್ತಿತ್ತು.

ಇಷ್ಟಾದರೂ ನೋಟರಿಗೆ ಸುಖವಿರಲಿಲ್ಲ. ತಿನ್ನುವುದು ಹಕ್ಕಿಯಷ್ಟು. ಮುಟ್ಟಿದರೆ ಸಹಿಸುತ್ತಿದ್ದ, ಬೇಕೆಂದು ಕೇಳುತ್ತಿರಲಿಲ್ಲ. ಬೆಳಗಿನ ಜಾವ ಎದ್ದು ಕೋಣೆಯ ನಡುವೆ ನಿಂತು, ಏನನ್ನೋ ಕಳೆದುಕೊಂಡವನಂತೆ ಸುತ್ತಲೂ ನೋಡಿ, ಗಂಟಲು ಬಿಚ್ಚಿ ಅಳುತ್ತಿದ್ದ. ಅದು ಬೆಕ್ಕಿನ ಕೂಗಿನ ಹಾಗಿರಲಿಲ್ಲ. ವಯಸ್ಸಾದ ಗಂಡಸೊಬ್ಬ ಹಲ್ಲುನೋವಿನಲ್ಲಿ ನರಳಿದ ಹಾಗಿತ್ತು.

ಗೋಡೆಯಾಚೆ ಇದ್ದವಳು ಗಿಂಕಾ, ಎಪ್ಪತ್ತರ ವಿಧವೆ. ಇಡೀ ಕಟ್ಟಡದ ಸುದ್ದಿಯನ್ನು ಮಹಡಿವಾರು ತಿಳಿದವಳು. ಒಂದು ಬೆಳಿಗ್ಗೆ ಲಿಫ್ಟಿನಲ್ಲಿ ನೆವೆನಾಳ ಪಕ್ಕ ನಿಂತು, ಮುಂದೆ ನೋಡುತ್ತಲೇ ಮಾತು ತೆಗೆದಳು.

"ನಿಮ್ಮನೇಲಿ ಗಂಡಸು ಅಳ್ತಾನಲ್ಲೇ ಬೆಳಗಾಗೆದ್ದು."

ನೆವೆನಾ ನಕ್ಕಳು. ಅದು ಬೆಕ್ಕು ಎಂದಳು. ಗಿಂಕಾ ನಂಬಲಿಲ್ಲ. ಏಳು ವರ್ಷ ಒಂಟಿಯಾಗಿದ್ದವಳು ಒಬ್ಬನನ್ನು ತಂದುಕೊಂಡರೆ ಅದರಲ್ಲಿ ಮುಚ್ಚಿಡುವುದೇನಿದೆ, ಆದರೆ ಅಳದಿರುವಂಥವನನ್ನು ತರಬಾರದಾಗಿತ್ತೇ ಎಂದು ಬುದ್ಧಿ ಹೇಳಿ ಐದನೇ ಮಹಡಿಯಲ್ಲಿ ಇಳಿದುಹೋದಳು. ಸಂಜೆಯ ಹೊತ್ತಿಗೆ ಐದನೇ ಮಹಡಿಯವರೂ ನೆವೆನಾಳನ್ನು ನೋಡಿ ಮುಗುಳ್ನಗುತ್ತಿದ್ದರು.

ಹತ್ತೊಂಬತ್ತನೆಯ ದಿನ ನೆವೆನಾ ಕ್ರೇನಿನಲ್ಲಿ ತೂಕಡಿಸಿದಳು. ಒಂದೇ ಕ್ಷಣ. ಕೊಕ್ಕೆಯಲ್ಲಿ ಏನೂ ಇರಲಿಲ್ಲ, ಕೆಳಗೆ ಯಾರೂ ಇರಲಿಲ್ಲ. ಆದರೂ ಅವಳು ಯಂತ್ರವನ್ನು ನಿಲ್ಲಿಸಿದಳು. ಇಪ್ಪತ್ತಾರು ವರ್ಷದಲ್ಲಿ ಹಾಗೆ ಆಗಿರಲಿಲ್ಲ. ಊಟದ ಬಿಡುವಿನಲ್ಲಿ ಅಸ್ಪಾರುಹ್‌ಗೆ ಫೋನು ಮಾಡಿ, ಅವನಿಗೆ ಇಲ್ಲಿ ಸುಖವಿಲ್ಲ, ನನಗೆ ನಿದ್ದೆಯಿಲ್ಲ, ನೀವು ಹೇಳಿದ್ದೇ ಸರಿ ಎಂದಳು. ಅಸ್ಪಾರುಹ್ ಒಂದು ಮಾತೂ ಆಕ್ಷೇಪಿಸಲಿಲ್ಲ. ಬರುವ ಶನಿವಾರ ಬರುತ್ತೇನೆ ಎಂದ. ಅವನು ಆಕ್ಷೇಪಿಸದೇ ಇದ್ದದ್ದರಿಂದಲೇ ಅವಳಿಗೆ ಹೆಚ್ಚು ನೋವಾಯಿತು. ಎಷ್ಟು ಜನ ಹೀಗೆ ಫೋನು ಮಾಡಿರಬೇಕು!

ಅಂದು ಸಂಜೆ ಗಿಂಕಾ ಬಾಗಿಲು ತಟ್ಟಿದಳು. ಕೈಯಲ್ಲಿ ಹುರಿದ ಕೆಂಪು ದೊಣ್ಣೆಮೆಣಸಿನಕಾಯಿಯ ತಟ್ಟೆ, ನೆಪಕ್ಕೆ. ಕಣ್ಣು ಮಾತ್ರ ನೆವೆನಾಳ ಹೆಗಲ ಮೇಲಿಂದ ಒಳಗೆ ಗಂಡಸನ್ನು ಹುಡುಕುತ್ತಿತ್ತು. ಮಂಚದ ಮೇಲಿದ್ದ ಬೂದು ಬೆಕ್ಕನ್ನು ಕಂಡದ್ದೇ, ತಟ್ಟೆಯನ್ನು ನೆವೆನಾಳ ಕೈಗೆ ತುರುಕಿ ಒಳಗೆ ಬಂದಳು.

"ಈ ಕಿವಿ ನನಗೆ ಗೊತ್ತು. ಇವನು ದ್ರಾಗನೋವ್ ಬೆಕ್ಕಲ್ವೇನೇ, ನೋಟರಿ ದ್ರಾಗನೋವ್?"

ಗಂಡ ಸತ್ತ ವರ್ಷ ಮನೆಯನ್ನು ತನ್ನ ಹೆಸರಿಗೆ ಮಾಡಿಸಿಕೊಳ್ಳಲು ಗಿಂಕಾ ಆ ನೋಟರಿಯ ಕಚೇರಿಗೆ ಹೋಗಿದ್ದಳಂತೆ. ಸಹಿ ಹಾಕಬೇಕಾದ ಕಾಗದದ ಮೇಲೆ ಈ ಬೆಕ್ಕು ಬಂದು ಮಲಗಿತಂತೆ. ಮುದುಕ ಅದನ್ನು ಎಬ್ಬಿಸಲಿಲ್ಲ. ಅವನು ಓದಿ ಮುಗಿಸಲಿ, ನಮಗೇನು ಅವಸರ ಎಂದು ಕೈಕಟ್ಟಿ ಕುಳಿತನಂತೆ. ಗಂಡನ ಹೆಸರಿನ ಮುಂದೆ 'ದಿವಂಗತ' ಎಂದು ಬರೆದದ್ದನ್ನು ಓದಿ ಅಳುತ್ತಿದ್ದ ಗಿಂಕಾಳಿಗೆ ಆ ಮಾತಿಗೆ ನಗು ಬಂದಿತ್ತು. ಹಾಗೆ ನಗುವಾಗ ಬೆಕ್ಕು ಅವಳ ಕೈಮೇಲೆ ಒಂದು ಪಾದವನ್ನು ಇಟ್ಟಿತ್ತು. ಹೇಳುತ್ತ ಹೇಳುತ್ತ ಅವಳು ಮಂಚದ ಅಂಚಿನಲ್ಲಿ ಕುಳಿತುಬಿಟ್ಟಳು.

"ಹಾಗಾದ್ರೆ ಅಂಗಳ, ಹಣ್ಣಿನ ಮರ?" ನೆವೆನಾ ಕೇಳಿದಳು.

"ಎಂಥ ಅಂಗಳ ಮಾರಾಯ್ತಿ. ಅದು ಹಳ್ಳೀಲಿದ್ದ ಮನೆ, ಬೀಗ ಹಾಕಿತ್ತು. ಮುದುಕ ಇದ್ದದ್ದು, ಮಲಗ್ತಿದ್ದದ್ದು ಎಲ್ಲಾ ಕಚೇರೀಲೇ. ನಿನ್ನ ಕೋಣೆಗಿಂತ ಚಿಕ್ಕದು. ಒಂದು ಮೇಜು, ಮೇಜಿನ ಮೇಲೆ ಇವನು. ದಿನಾ ಹತ್ತು ಜನ ಬರೋರು, ಹತ್ತು ಜನ ಹೋಗೋರು."

ನೆವೆನಾ ನೋಟರಿಯನ್ನು ಎತ್ತಿ ನೆಲಕ್ಕಿಳಿಸಿದಳು, ಗಿಂಕಾಳನ್ನು ಏಳಿಸಿದಳು, ಮಂಚವನ್ನು ಗೋಡೆಗೆ ಮಡಚಿದಳು. ಎರಡು ವಾರದಿಂದ ಮುಚ್ಚಿದ್ದ ಮೇಜು ಕಿರುಗುಟ್ಟಿಕೊಂಡು ತೆರೆಯಿತು. ಮೊಳೆಯಿಂದ ಕುರ್ಚಿಗಳನ್ನಿಳಿಸಿ ಇಬ್ಬರೂ ಕಾಫಿ ಹಿಡಿದು ಎದುರುಬದುರು ಕುಳಿತರು. ಬೆಕ್ಕು ಮುನಿಸಿಕೊಂಡು ಕಪಾಟಿಗೆ ಹೋಗಿತ್ತು. ಗಿಂಕಾ ಮೂರನೇ ಮಹಡಿಯ ಮದುವೆಯ ಕಥೆ ಎತ್ತಿದಳು. ಕಥೆಯಲ್ಲಿ ಇನ್ನೂ ವಧುವಿನ ಅತ್ತೆ ಬಂದಿರಲಿಲ್ಲ, ಕಪಾಟಿನ ಬಾಗಿಲು ಸರಿಯಿತು. ನೋಟರಿ ನೆವೆನಾಳ ಕುರ್ಚಿಯ ಅಂಚಿಗೆ ಮುಂಗಾಲಿಟ್ಟು, ಮಂಡಿನೋವಿಗೆ ಒಮ್ಮೆ ತಡೆದು, ಅವಳ ತೊಡೆಯನ್ನು ಮೆಟ್ಟಿಲಾಗಿ ಬಳಸಿಕೊಂಡು ಮೇಜು ಹತ್ತಿದ. ಎರಡು ಕಪ್ಪುಗಳ ನಡುವೆ ಉದ್ದಕ್ಕೆ ಮಲಗಿ, ಮಾತಾಡುವವರ ಮುಖವನ್ನು ಒಬ್ಬರಾದ ಮೇಲೊಬ್ಬರದು ನೋಡಿದ. ಇಬ್ಬರೂ ಬೆಕ್ಕಿಗೆ ಗಾಬರಿಯಾಗದಿರಲಿ ಎಂದು ಮದುವೆಯ ಕಥೆಯನ್ನು ಮುಂದುವರಿಸಿದರು. ಅಂದು ರಾತ್ರಿಯ ಊಟವನ್ನು ಅವನು ತಟ್ಟೆ ನೆಕ್ಕಿ ಮುಗಿಸಿದ.

ಆದರೆ ಮಲಗಬೇಕೆಂದರೆ ಮೇಜು ಮುಚ್ಚಲೇಬೇಕು. ಮುಚ್ಚಿದಳು. ಬೆಳಗಿನ ಜಾವ ಮತ್ತೆ ಅದೇ ಅಳು. ನೆವೆನಾ ಅಂಗಾತ ಮಲಗಿ, ಚಾವಣಿ ನೋಡುತ್ತ ಕೇಳಿಸಿಕೊಂಡಳು. ನೆಲದ ಲೆಕ್ಕ ಯಾವ ರೀತಿಯಲ್ಲೂ ಹೊಂದುತ್ತಿರಲಿಲ್ಲ. ಇದ್ದದ್ದು ಒಂದು ಮಂಚದ ಜಾಗ, ಅಥವಾ ಒಂದು ಮೇಜಿನ ಜಾಗ. ಬೆಳಕು ಹರಿದು ಚಾವಣಿಯ ಸುಣ್ಣದ ಬಿರುಕುಗಳು ಒಂದೊಂದಾಗಿ ಕಾಣತೊಡಗಿದವು. ಅಷ್ಟು ವಿಸ್ತಾರವಾದ ಜಾಗ ಅಲ್ಲಿ ತಲೆಯ ಮೇಲೆ ಖಾಲಿ ಬಿದ್ದಿದೆ ಎಂಬುದು ಏಳು ವರ್ಷದಲ್ಲಿ ತನಗೆ ಹೊಳೆಯಲೇ ಇಲ್ಲವಲ್ಲ ಎಂದು ಅವಳಿಗೆ ತನ್ನ ಮೇಲೇ ಸಿಟ್ಟು ಬಂತು. ದಿನವಿಡೀ ಸಾಮಾನನ್ನು ಮೇಲಕ್ಕೆತ್ತುವುದೇ ಅವಳ ಕಸುಬು.

ಬಂದರಿನ ಮೆಕ್ಯಾನಿಕ್ ತ್ರಿಫೋನ್ ಅವಳ ಹಳೆಯ ಜೊತೆಗಾರ. ಮಂಚವನ್ನು ಚಾವಣಿಗೆ ಎತ್ತಬೇಕು ಎಂದು ಕೇಳಿದಾಗ ಅವನು ಯಾಕೆಂದು ಕೇಳಲಿಲ್ಲ, ತೂಕವೆಷ್ಟು ಎಂದು ಕೇಳಿದ. ಬೆಕ್ಕಿಗಾಗಿ ಎಂಬುದು ಆಮೇಲೆ ಗೊತ್ತಾಗಿ ಇಡೀ ಬಂದರಿಗೆ ಹೇಳಿಕೊಂಡು ನಕ್ಕ. ಆದರೆ ಗುಜರಿಗೆ ಹಾಕಿದ್ದ ರಾಟೆಗಳಲ್ಲಿ ಒಳ್ಳೆಯವನ್ನು ಮೇಲಿನವರನ್ನು ಕೇಳಿ ಪಡೆದು, ಎಣ್ಣೆ ಹಚ್ಚಿ, ಉಕ್ಕಿನ ಹಗ್ಗವನ್ನು ಅಳತೆಗೆ ಕತ್ತರಿಸಿ ಇಟ್ಟವನೂ ಅವನೇ.

ಶನಿವಾರ ಅಸ್ಪಾರುಹ್ ಖಾಲಿ ಬುಟ್ಟಿ ಹಿಡಿದು ಬಂದಾಗ ತ್ರಿಫೋನ್ ಏಣಿಯ ಮೇಲೆ ನಿಂತು ಚಾವಣಿ ಕೊರೆಯುತ್ತಿದ್ದ. ಕೋಣೆಯ ತುಂಬ ಸಿಮೆಂಟಿನ ಧೂಳು. ಗಿಂಕಾ ಬಾಗಿಲಲ್ಲಿ ಪೊರಕೆ ಹಿಡಿದು ನಿಂತು ಹಾಗಲ್ಲ ಹೀಗೆ ಎಂದು ಸಲಹೆ ಕೊಡುತ್ತಿದ್ದಳು. ನೋಟರಿಯನ್ನು ಅವಳ ಮನೆಯ ಮೇಜಿನ ಮೇಲೆ ಕೂರಿಸಲಾಗಿತ್ತು. ನೆವೆನಾ ತಲೆಗೆ ಕಟ್ಟಿದ್ದ ವಸ್ತ್ರವನ್ನು ಬಿಚ್ಚಿ, ಫೋನು ಮಾಡಿ ಬರಬೇಡಿ ಎನ್ನಲು ಮರೆತೆ, ತಪ್ಪಾಯಿತು ಎಂದಳು.

ಅಸ್ಪಾರುಹ್ ಬುಟ್ಟಿಯನ್ನು ಕೆಳಗಿಟ್ಟ. ವಿಷಯವೆಲ್ಲ ಕೇಳಿದ. ಆಮೇಲೆ ಕೋಟು ಬಿಚ್ಚಿ ಗಿಂಕಾಳಿಗೆ ಕೊಟ್ಟು, ಏಣಿಯ ಬುಡವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. "ಮೇಲೆ ಹತ್ತು ಅನ್ಬೇಡಿ, ಅಷ್ಟೇ. ಕೆಳಗೆ ಏನು ಬೇಕಾದ್ರೂ ಮಾಡ್ತೀನಿ."

ಸಂಜೆ ನಾಲ್ಕರ ಹೊತ್ತಿಗೆ ಕೆಲಸ ಮುಗಿಯಿತು. ಕಬ್ಬಿಣದ ಮಂಚದ ನಾಲ್ಕು ಮೂಲೆಗೆ ನಾಲ್ಕು ಹಗ್ಗ, ಚಾವಣಿಯಲ್ಲಿ ರಾಟೆಗಳು, ಗೋಡೆಗೆ ಕೈಯಿಂದ ತಿರುಗಿಸುವ ಹಿಡಿಕೆ. ಹಗಲು ಮಂಚ ಚಾವಣಿಗೆ ಅಂಟಿಕೊಂಡಿರುತ್ತದೆ. ಮಲಗುವಾಗ ಮೇಜಿನ ಮೇಲೆ ಎರಡು ಗೇಣು ಜಾಗ ಉಳಿಯುವಷ್ಟು ಇಳಿಸಿ, ನಾಲ್ಕು ಕೊಕ್ಕೆ ಸಿಕ್ಕಿಸಿ, ಪುಟ್ಟ ಏಣಿ ಹತ್ತಿ ಮಲಗುವುದು. ಮೇಜನ್ನು ಇನ್ನು ಮುಚ್ಚಬೇಕಾಗಿರಲಿಲ್ಲ. ತ್ರಿಫೋನ್ ಮಂಚ ಹಿಡಿದು ಜೋತುಬಿದ್ದು ಪರೀಕ್ಷೆ ಮಾಡಿದ.

"ಅರ್ಧ ಟನ್ ತಡಿಯುತ್ತೆ. ನೀನು, ನಿನ್ನ ಬೆಕ್ಕು, ಮನಸ್ಸಾದ್ರೆ ಇನ್ನೊಬ್ಬ ಗಂಡ."

"ಅಳದೇ ಇರೋನು," ಎಂದು ಗಿಂಕಾ ಸೇರಿಸಿದಳು.

ಮುದಿ ಮಂಡಿಗಳಿಗಾಗಿ ನೆವೆನಾ ಎರಡು ಹಣ್ಣಿನ ಪೆಟ್ಟಿಗೆಗಳನ್ನು ಮೇಜಿಗೆ ಮೆಟ್ಟಿಲಾಗಿ ಇಟ್ಟಳು. ಬಂದರಿನ ಒಂದು ಹಳೆಯ ಕಂಬಳಿಯನ್ನು ಅಸ್ಪಾರುಹ್ ಬುಟ್ಟಿಯಲ್ಲೇ ತಂದಿದ್ದ. ಅದನ್ನು ಮೆಟ್ಟಿಲಿಗೆ ಹಾಸಿದರು. ನೋಟರಿ ಬಂದು, ಧೂಳಿಗೆ ಸೀನಿ, ಒಂದು ಮೆಟ್ಟಿಲು, ಎರಡು ಮೆಟ್ಟಿಲು ಹತ್ತಿ ಮೇಜಿನ ನಡುವೆ ಕುಳಿತ. ನಾಲ್ವರಿಗೆ ಎರಡೇ ಕುರ್ಚಿ. ಗಿಂಕಾ ತನ್ನ ಮನೆಯಿಂದ ಎರಡು ತಂದಳು. ಮೊಣಕೈಗೆ ಮೊಣಕೈ ತಾಗುತ್ತಿತ್ತು, ಉಪ್ಪು ಬೇಕಾದರೆ ಬೆಕ್ಕಿನ ಮೇಲಿಂದ ದಾಟಿಸಬೇಕಾಗಿತ್ತು. ಅನ್ನ ತುಂಬಿದ ದೊಣ್ಣೆಮೆಣಸಿನಕಾಯಿ ತಿಂದರು, ಹಣ್ಣಿನಿಂದ ಭಟ್ಟಿ ಇಳಿಸಿದ ರಕಿಯಾವನ್ನು ಒಂದೊಂದು ಗುಟುಕು ಕುಡಿದರು. ಅಸ್ಪಾರುಹ್ ತನ್ನ ಚೀಲದಲ್ಲಿದ್ದ ಬೆಕ್ಕು ವಾಪಸ್ ಮಾಡುವ ಅರ್ಜಿಯನ್ನು ನಾಲ್ಕಾಗಿ ಮಡಚಿ, ಅಲುಗಾಡುತ್ತಿದ್ದ ಕುರ್ಚಿಯ ಕಾಲಿನ ಕೆಳಗೆ ಇಟ್ಟ.

ಬೆಳಗಿನ ಅಳು ಒಂದೇ ಸಲಕ್ಕೆ ನಿಲ್ಲಲಿಲ್ಲ. ದಿನಾ ಇದ್ದದ್ದು ವಾರಕ್ಕೆ ನಾಲ್ಕಾಯಿತು, ಎರಡಾಯಿತು, ಆಮೇಲೆ ಯಾವಾಗಲೋ ಒಮ್ಮೆ. ಎಚ್ಚರವಾದರೆ ನೆವೆನಾ ಮಂಚದ ಅಂಚಿನಿಂದ ಕೈ ಇಳಿಬಿಟ್ಟು, ಇಲ್ಲೇ ಇದೀನಿ ಕಣೋ ಎನ್ನುತ್ತಿದ್ದಳು. ಬೆರಳ ತುದಿಗೆ ಒದ್ದೆ ಮೂಗು ತಾಗುತ್ತಿತ್ತು. ಮಧ್ಯಾಹ್ನ ಅವಳು ಕೆಲಸದಲ್ಲಿರುವಾಗ ಗಿಂಕಾ ಬೀಗದ ಕೈ ತೆಗೆದುಕೊಂಡು ಬಂದು ಅವನ ಎದುರು ಕುಳಿತು ಪತ್ರಿಕೆ ಓದುತ್ತಿದ್ದಳು, ಗಟ್ಟಿಯಾಗಿ. ಕೆಲವು ಸಲ ಆರನೇ ಮಹಡಿಯವರೂ ಜೊತೆಗಿರುತ್ತಿದ್ದರು. ಸಂಜೆ ಬಂದರೆ ಮೇಜಿನ ಮೇಲೆ ಯಾರೋ ಬಿಟ್ಟುಹೋದ ಕನ್ನಡಕ ಇರುತ್ತಿತ್ತು. ತನ್ನ ಮನೆಗೆ ಇಷ್ಟು ಜನ ಬಂದುಹೋಗುವುದು ನೆವೆನಾಳಿಗೆ ಮೊದಮೊದಲು ಕಿರಿಕಿರಿಯಾಯಿತು. ಒಂದು ಸಲ ಗಿಂಕಾಳಿಗೆ ಮೆತ್ತಗೆ ಹೇಳಿಯೂ ಬಿಟ್ಟಳು. ಗಿಂಕಾ ಎರಡು ದಿನ ಬರಲಿಲ್ಲ. ಮೂರನೆಯ ದಿನ ನೆವೆನಾಳೇ ಹೋಗಿ ಕರೆತಂದಳು.

ನವೆಂಬರಿನಲ್ಲಿ ಒಂದು ದಿನ ನದಿಯ ಮೇಲೆ ಮಂಜು ಕವಿದು, ಕ್ರೇನಿನಿಂದ ಕೆಳಗಿನ ದೋಣಿಯೇ ಕಾಣದಾಯಿತು. ಹನ್ನೊಂದಕ್ಕೆ ಕೆಲಸ ನಿಲ್ಲಿಸಿ ಎಲ್ಲರನ್ನೂ ಮನೆಗೆ ಕಳಿಸಿದರು. ನೆವೆನಾ ಸಂತೆಯಲ್ಲಿ ನಾಲ್ಕು ಸೀಮೆದಾಳಿಂಬೆ, ಸೇಬಿನಂಥ ಗಟ್ಟಿ ಹಳದಿ ಹಣ್ಣು, ಕೊಂಡು ಬಂದಳು. ಬಿಸಿನೀರಿನ ಕೊಳವೆಗಳು ಕಾದು ಕೋಣೆ ಬೆಚ್ಚಗಿತ್ತು. ಲಿಂಡನ್ ಹೂವಿನ ಚಹಾ ಮಾಡಿ ಕಿಟಕಿಯ ಕಟ್ಟೆಯ ಮೇಲಿಟ್ಟು, ಕುರ್ಚಿಯಲ್ಲಿ ಕುಳಿತು ಒಂದು ಹಣ್ಣಿನ ಸಿಪ್ಪೆ ತೆಗೆಯತೊಡಗಿದಳು. ಕಿಟಕಿಯಾಚೆ ನದಿಯೂ ಇಲ್ಲ, ಆಚೆ ದಡದ ರುಮೇನಿಯಾವೂ ಇಲ್ಲ, ಬರೀ ಬಿಳಿ.

ನೋಟರಿ ಮೇಜಿನ ಮೇಲೆ ಎದ್ದು ಮೈಮುರಿದ. ಹಣ್ಣನ್ನು ಮೂಸಿ, ಇಷ್ಟವಾಗದೆ ಮುಖ ತಿರುಗಿಸಿದ. ಆಮೇಲೆ ಮೇಜಿನ ಅಂಚಿಗೆ ಬಂದು, ಒಂದೊಂದೇ ಕಾಲನ್ನು ಆಲೋಚಿಸಿ ಇಡುತ್ತ ಅವಳ ಮಡಿಲಿಗೆ ಇಳಿದ. ಮೆಟ್ಟಿಲಾಗಿ ಬಳಸಿಕೊಳ್ಳುತ್ತಾನೆ, ದಾಟಿ ಹೋಗುತ್ತಾನೆ ಎಂದುಕೊಂಡಳು. ಅವನು ಎರಡು ಸುತ್ತು ಸುತ್ತಿ, ಅವಳ ಬಂದರಿನ ಒರಟು ಪ್ಯಾಂಟಿನ ಮೇಲೆ ಮೈಚೆಲ್ಲಿ ಮಲಗಿದ. ಸ್ವಲ್ಪ ಹೊತ್ತಿಗೆ ಗುರುಗುಟ್ಟುವ ಸದ್ದು ಶುರುವಾಯಿತು. ಹಳೆಯ ಎಂಜಿನ್ನಿನ ಹಾಗೆ, ನಡುನಡುವೆ ನಿಂತು ಮತ್ತೆ ಹಿಡಿದುಕೊಳ್ಳುವ ಸದ್ದು.

ಚಹಾ ಕಿಟಕಿಯ ಬಳಿ ಆರುತ್ತಿತ್ತು. ನೆವೆನಾ ಕೈ ಚಾಚಿ ನೋಡಿದಳು, ನಾಲ್ಕು ಬೆರಳಷ್ಟು ದೂರ ಉಳಿಯಿತು. ಅವಳು ಕೈ ಹಿಂದಕ್ಕೆ ತೆಗೆದುಕೊಂಡು, ಹುಳಿಹುಳಿಯಾದ ಸೀಮೆದಾಳಿಂಬೆಯ ಒಂದು ಹೋಳನ್ನು ಬಾಯಿಗಿಟ್ಟುಕೊಂಡು, ಕದಲದೆ ಕುಳಿತಳು.